ನೂರಾ ಮೂರು

ಪೋರ್ಟ್ ಅಗಸ್ಟಾದ ಸಿಗ್ನಲ್ಲಿನಲ್ಲಿ ಮೊದಲ ಸಲ
ಮೀಟರಿನ ಮೇಲೆ ನೂರಾ ಮೂರು ಕಂಡಾಗ
ಕೈ ತಾನಾಗಿ ಒದ್ದೆ ಬಟ್ಟೆ ಹುಡುಕಿತು.
ರಾಯಚೂರಿನಲ್ಲಿ ನೂರಾ ಮೂರು ಅಂದರೆ
ಅವ್ವ ರಾತ್ರಿಯೆಲ್ಲ ಕೂತಿರುತ್ತಿದ್ದಳು,
ಹಣೆಯ ಮೇಲಿನ ಬಟ್ಟೆ ಹಿಂಡಿ ಹಿಂಡಿ ಹಾಕುತ್ತ.
ಅದು ಫ್ಯಾರನ್‌ಹೀಟ್, ಇದು ಸೆಲ್ಸಿಯಸ್;
ತಲೆಗೆ ಗೊತ್ತಿತ್ತು. ಎದೆಗೆ ಹೇಳುವವರು ಯಾರು?
ನಡುರಸ್ತೆಯಲ್ಲೇ ಕೀ ತಿರುಗಿಸಿ ಆರಿಸಿಬಿಟ್ಟೆ.
ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದು, ಬೈದು,
ಬಳಸಿಕೊಂಡು ಹೋದ.

ಮರುದಿನ ನಾಲ್ಕನೇ ಕುರ್ಚಿಗೆ ಸೂಜಿ ಚುಚ್ಚುತ್ತ ಹೇಳಿದೆ.
ಲಿಂಡ್ಸೆ ಟ್ರೆಲೋರ್, ಎಪ್ಪತ್ತೊಂದು,
ವಾರಕ್ಕೆ ಮೂರು ಸಲ ಡಯಾಲಿಸಿಸ್, ಸಲಕ್ಕೆ ಐದು ತಾಸು.
ನಲವತ್ತು ವರ್ಷ ಗಾಡಿ ಬಿಚ್ಚಿದ ಕೈ;
ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿಲ್ಲ.
ಮಹಾದೇವಿ ಅನ್ನಲು ನಾಲಿಗೆ ಹೊರಳದೆ
‘ಡೇವಿ’ ಅನ್ನುತ್ತಾನೆ.

‘ಫ್ಯಾನ್ ತಿರುಗಿತಾ?’
ನೋಡಲಿಲ್ಲ.
‘ನೋಡುವ ಮೊದಲೇ ಕುತ್ತಿಗೆ ಹಿಚುಕಿದೆಯಲ್ಲ!
ಅದು ಆಗಷ್ಟೇ ಬೆವರಲು ಹೊರಟಿತ್ತು.’

ಬಿಡುವಿದ್ದದ್ದು ಬಲಗೈ ಮಾತ್ರ. ಊಟದ ಚೀಟಿಯ ಹಿಂದೆ
ಗೆರೆ ಎಳೆದ: ಇಲ್ಲಿ ಎಂಬತ್ತೆರಡು, ಥರ್ಮೋಸ್ಟಾಟ್ ಬಾಗಿಲು ತೆರೆಯುತ್ತದೆ,
ನೀರು ರೇಡಿಯೇಟರಿಗೆ ಹೊರಡುತ್ತದೆ.
ಹೆದ್ದಾರಿಯ ಗಾಳಿಯಲ್ಲಿ ಎಂಬತ್ತೈದು, ತೊಂಬತ್ತು.
ಊರೊಳಗೆ ನಿಂತು ನಿಂತು ಹೋಗುವಾಗ ನೂರು,
ಆಮೇಲೆ ನಿನ್ನ ನೂರಾ ಮೂರು.
‘ನೂರಕ್ಕೇ ಕುದಿಯಬೇಕಲ್ಲ?’
‘ಪಾತ್ರೆಗೆ ಮುಚ್ಚಳ ಬಿಗಿದಿದೆ. ಬರೀ ನೀರೂ ಅಲ್ಲ.
ಬಿಸಿಯಲ್ಲಿ ಮುಚ್ಚಳ ತೆಗೆದೆಯೋ, ಈ ಆಸ್ಪತ್ರೆಗೇ ಬರುತ್ತೀ, ಬೇರೆ ವಾರ್ಡಿಗೆ.’

ನನ್ನ ಯಂತ್ರಕ್ಕೆ ಮೂವತ್ತಾರೂವರೆ;
ತುಸು ಆಚೀಚೆಯಾದರೂ ಊರು ಒಂದಾಗುವಂತೆ ಕೂಗುತ್ತದೆ.
ಅದನ್ನು ಹೇಳಿದ್ದಕ್ಕೆ ಕೊಳವೆಯೊಳಗೆ ಹೊರಟ ತನ್ನ ರಕ್ತವನ್ನೇ ನೋಡಿ
ಗಾಡಿಗೆ ಹಾಗಲ್ಲ ಅಂದ.
ಮನುಷ್ಯನಿಗೆ ಒಂದು ಅಂಕಿ,
ಇಂಜಿನ್ನಿಗೆ ಒಂದು ಅಂಗಳ.
(ಅಂಕಿ, ಅಂಗಳ ನನ್ನವು. ಅವನು ಹೇಳಿದ್ದು ಇನ್ನೂ ಒರಟಾಗಿತ್ತು.)

ಜುಲೈ ಚಳಿ. ಕ್ವೋರ್ನ್‌ವರೆಗೆ ಹೋಗಿ ಬಂದು ಜಂಬ ಕೊಚ್ಚಿದೆ:
ಹೋಗಿ ಬರುವತನಕ ಅರವತ್ತೆರಡು ದಾಟಲಿಲ್ಲ ಅಜ್ಜಾ,
ತಣ್ಣಗೆ, ಬಾವಿಯ ನೀರಿನ ಹಾಗೆ.
ಅವನು ನಗಲಿಲ್ಲ.
‘ಈಗ ನಿಜಕ್ಕೂ ಕಾಯಿಲೆ ಬಿದ್ದಿದೆ.
ಬಾಗಿಲು ತೆರೆದೇ ಕೂತಿದೆ, ಮುಚ್ಚುತ್ತಿಲ್ಲ.
ಬಿಸಿಯೇರದ ಎಣ್ಣೆ ತನ್ನೊಳಗಿನ ತೇವ ಬಿಡುವುದಿಲ್ಲ,
ಪೆಟ್ರೋಲು ಸುಮ್ಮನೆ ಸುರಿಯುತ್ತದೆ, ಲೋಹ ಸವೆಯುತ್ತದೆ.’

ಇಷ್ಟು ದಿನ ಬಿಸಿಗೆ ಹೆದರಿದವಳು ನಾನು.
ಅವ್ವನ ಹಂಚು ನೆನಪಾಯಿತು.
ಕಾಯದ ಹಂಚಿಗೆ ರೊಟ್ಟಿ ಬಿದ್ದರೆ ಕಚ್ಚಿಕೊಳ್ಳುತ್ತದೆ,
ಕೆರೆದು ಕೆರೆದು ಕೀಳಬೇಕು. ನೀರು ಚಿಮುಕಿಸಿ,
ಹನಿ ಕುಣಿದ ಮೇಲೇ ಅವಳು ರೊಟ್ಟಿ ಹಾಕುತ್ತಿದ್ದದ್ದು.

ಹೊಸ ಥರ್ಮೋಸ್ಟಾಟ್ ಬಂತು: ಅಂಗೈ ನಡುವಿನಷ್ಟು ಹಿತ್ತಾಳೆ,
ಒಂದು ಸ್ಪ್ರಿಂಗು, ಒಳಗೆ ಮೇಣದ ಉಂಡೆ.
ಹಾಕುವ ಮುಂಚೆ ಪರೀಕ್ಷೆ ಮಾಡು ಅಂದಿದ್ದ.
ಅನ್ನದ ಪಾತ್ರೆಯಲ್ಲಿ ಎಸರಿಟ್ಟು, ದಾರಕ್ಕೆ ಕಟ್ಟಿ ಇಳಿಬಿಟ್ಟೆ.
ಎಪ್ಪತ್ತೈದು. ಎಂಬತ್ತು. ಏನೂ ಇಲ್ಲ.
ಎಂಬತ್ತೆರಡಕ್ಕೆ, ನಿದ್ದೆಯಲ್ಲಿ ಮಗು ಬಾಯಿ ತೆರೆದಂತೆ,
ಒಂದು ಕೂದಲೆಳೆ ಸಂದು.
ಒಬ್ಬಳೇ ಚಪ್ಪಾಳೆ ತಟ್ಟಿದೆ. ಆ ರಾತ್ರಿ ಅನ್ನ ಮಾಡಲಿಲ್ಲ.

ಜನವರಿ, ನಲವತ್ನಾಲ್ಕು ಡಿಗ್ರಿ, ನನಗೆ ರಜೆ.
ಒಂದು ಸಲ ತೋರಿಸು ಎಂದು ಅವನು ಕೇಳಿದ್ದಕ್ಕೆ
ನಾಲ್ಕನೇ ಕುರ್ಚಿಯ ಕಿಟಕಿಯಾಚೆ
ಗಾಡಿ ತಂದು ನಿಲ್ಲಿಸಿದೆ, ಆರಿಸದೆ.
ಇಬ್ಬರೂ ಕಾದೆವು, ಗಾಜಿನ ಆಚೆ ಈಚೆ.
ತೊಂಬತ್ತಾರು. ನೂರು. ಕಾಲಿಗೆ ಬೆಂಕಿಯ ಉಸಿರು.
ನೂರಾ ಎರಡರಲ್ಲಿ ಯುಗ ಕಳೆಯಿತು.
ಟಕ್. ಫ್ಯಾನ್ ತಿರುಗಿತು.

ಅವನಿಗೆ ಕೇಳಿಸಲಾರದು. ಕಿಟಕಿಯ ಕೆಂಧೂಳಿನ ಮೇಲೆ
ಬೆರಳಲ್ಲಿ 103 ಎಂದು ದೊಡ್ಡದಾಗಿ ಬರೆದೆ.
ಒಳಗಿನಿಂದ ಅದು ತಿರುಗುಮುರುಗು 301
ಎಂದು ಹೊಳೆದದ್ದು ಅವನು ಕಣ್ಣರಳಿಸಿದಾಗಲೇ.
ನಕ್ಕ ನಗೆಗೆ ಎಡಗೈ ಅಲುಗಿ
ಅವನ ಯಂತ್ರ ಕೂಗಿಕೊಂಡಿತು, ಟೆರೀಸಾ ಓಡಿ ಬಂದಳು,
ನನ್ನತ್ತ ಕಣ್ಣು ಬಿಟ್ಟಳು.
ನನ್ನ ಗಾಡಿ ತೊಂಬತ್ತೊಂಬತ್ತಕ್ಕೆ ಇಳಿದು
ತಾನೇ ಫ್ಯಾನ್ ನಿಲ್ಲಿಸಿತು.